ಕಾಳಪ್ಪ ಮಾಸ್ತರನೂ ಕಲಾಯಿಯವನ ಮಗಳ ಬೊಟ್ಟೂ

ಕುಷ್ಟಗಿಯ ಖಾಸಗಿ ಕನ್ನಡ ಶಾಲೆಯಲ್ಲಿ ಒಂದನೇ ತರಗತಿ ಕಲಿಸುತ್ತಿದ್ದ ಕಾಳಪ್ಪ ಮಾಸ್ತರನನ್ನು ಯಾರೂ ದೊಡ್ಡ ಮನುಷ್ಯ ಅಂದದ್ದಿಲ್ಲ. ದೊಡ್ಡ ಮನುಷ್ಯ ಏನಿದ್ದರೂ ಹೆಡ್‌ಮಾಸ್ತರ ವೀರಭದ್ರಯ್ಯನವರು! ರುಮಾಲು ದೊಡ್ಡದು, ಬೆತ್ತ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ತಲೆಯ ಮಾತು ಬೇಡ ಬಿಡಿ. ಅವರ ವಿದ್ಯೆ ಇಷ್ಟೇ: ತಾವು ಒದರಬೇಕು, ಮಕ್ಕಳು ಹಿಂದೆ ಒದರಬೇಕು. ಒದರಿ ಒದರಿ ಪುಸ್ತಕ ಬಾಯಿಪಾಠವಾದರೆ ಹುಡುಗ ಓದಲು ಕಲಿತ ಅಂತ ಲೆಕ್ಕ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದವನೂ ಅಲ್ಲಿ ಜಾಣನೇ.

ಈ ಜಾಣರ ನಡುವೆ ಕೂತಿದ್ದಳು ಹಸನಬೀ. ಪಾತ್ರೆಗಳಿಗೆ ಕಲಾಯಿ ಹಾಕುವ ಮಕ್ಬುಲಸಾಬನ ಮಗಳು. ವಯಸ್ಸು ಹತ್ತು ದಾಟಿದರೂ ಒಂದನೇ ತರಗತಿ ಬಿಟ್ಟಿರಲಿಲ್ಲ. ಬಾಯಿಲೆಕ್ಕ ಕೇಳಿದರೆ ಎಲ್ಲರಿಗಿಂತ ಮೊದಲು ಹೇಳುವಳು. ಪುಸ್ತಕ ತೆರೆದರೆ ಮಾತ್ರ ಪ, ವ, ಮ ಅವಳಿಗೆ ಒಂದೇ ಮುಖದ ಅಣ್ಣತಮ್ಮಂದಿರು.

೧೯೪೨ರಲ್ಲಿ ರಾಯಚೂರಿನಿಂದ ವಿದ್ಯಾ ಖಾತೆಯ ಸಾಹೇಬರು ತನಿಖೆಗೆ ಬರುತ್ತಾರೆಂದು ಸುದ್ದಿ ಬಂತು. ಖಾಸಗಿ ಶಾಲೆ ನಡೆಯಬೇಕಾದರೆ ಅವರ ಪರವಾನಗಿ ಬೇಕು. ವೀರಭದ್ರಯ್ಯನವರ ಕಣ್ಣಿಗೆ ಮೊದಲು ಬಿದ್ದವಳೇ ಹಸನಬೀ.

“ಆ ಹುಡುಗಿ ಹೆಸರು ಹೊಡದಹಾಕ್ರಿ ಕಾಳಪ್ಪ. ಕಲ್ಲಿಗೆ ನೀರು ಹಾಕಿದ್ರ ಮೊಳಕಿ ಒಡಿತೈತೇನು?”

“ತನಿಖಿ ತನಕ ಇರ್ಲಿ ಬಿಡ್ರಿ ಸರ. ಅಷ್ಟರಾಗ ಓದಸ್ತೀನಿ.”

“ಅಕಿ ಓದಿದ್ರ ನಮ್ಮನಿ ಎಮ್ಮಿನೂ ಓದತೈತಿ!”

“ಓದಲಿಲ್ಲಂದ್ರ ನಾನ ಅಕಿ ಹೆಸರು ಹೊಡದಹಾಕ್ತೀನ್ರಿ.”

ಮಾತು ಕೊಟ್ಟದ್ದೇನೋ ಆಯಿತು. ಹೆಸರು ಹೋದರೆ ಮಕ್ಬುಲಸಾಬ ಮಗಳನ್ನು ಕಲಾಯಿ ಭಟ್ಟಿಯ ತಿದಿ ಊದಲು ಕೂಡಿಸುವವನೇ. ಆಮೇಲೆ ಶಾಲೆಯ ಮುಖ ಅವಳು ಕಾಣುವುದಿಲ್ಲ.

ಅವತ್ತು ಸಂಜೆ ಅವನು ಮಕ್ಬುಲಸಾಬನ ಭಟ್ಟಿಗೆ ಹೋದ. ಊರವರ ಪಾತ್ರೆಗಳೆಲ್ಲ ಮಸಿ ಹಿಡಿದು ರಾಶಿ ಬಿದ್ದಿದ್ದವು. ಹಸನಬೀ ಒಂದೊಂದರ ಕಂಠದ ಮೇಲೆ ಬೆರಳಿನ ಬೊಟ್ಟು ಆಡಿಸಿ, ನೋಡದೆಯೇ ವಿಂಗಡಿಸುತ್ತಿದ್ದಳು. “ಇದು ವಿರೂಪಾಕ್ಷಮ್ಮಾರದು, ಇದು ತಿಮ್ಮಣ್ಣಾರದು.” ಕಂಠದಲ್ಲಿ ಆಯಾ ಮನೆಯ ಹೆಸರಿನ ಮೊದಲ ಅಕ್ಷರ ಚುಕ್ಕಿಚುಕ್ಕಿಯಾಗಿ ಕೊರೆದಿತ್ತು.

“ಹೆಂಗ ಗೊತ್ತಾತವ್ವಾ ನಿನಗ?”

“ಕಣ್ಣಿಗೆ ಎಲ್ಲಾ ಒಂದ ಕಾಣ್ತಾವ್ರಿ ಸರ. ಬೊಟ್ಟಿಗೆ ಬ್ಯಾರೆ ಬ್ಯಾರೆ ಅದಾವ.”

ಕಾಳಪ್ಪನಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಮರುದಿನವೇ ತಾಟಿನ ತುಂಬ ಹಳ್ಳದ ಉಸುಕು ಹರಡಿ ಅವಳ ಮುಂದಿಟ್ಟ. ಬೊಟ್ಟು ಬರೆಯಬೇಕು, ಬಾಯಿ ಅನ್ನಬೇಕು, ಕಣ್ಣು ನೋಡಬೇಕು, ಮೂರೂ ಒಟ್ಟಿಗೆ.

“ಪ ಅನ್ನು. ತುಟಿ ಏನ್ ಮಾಡಿದ್ವು?”

“ಪಟ್ಟನ ಒಡದುವ್ರಿ.”

“ಮ ಅನ್ನು.”

“ಮೂಗಿನ್ಯಾಗ ಗುಂಯ್ ಅಂತೈತ್ರಿ!”

ಒಂದು ಅಕ್ಷರ ಗಟ್ಟಿಯಾಗದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಗಟ್ಟಿಯಾದ ಎರಡನ್ನು ಜೋಡಿಸಿ ಒಂದು ಮಾತು, ಆಮೇಲೆ ಕಾಗುಣಿತದ ಗುರುತು, ಅದೂ ಒಂದೊಂದೇ. ಕಲಿಸದೆ ಇದ್ದದ್ದನ್ನು ಓದು ಅಂತ ಕೇಳುವ ಹಾಗೇ ಇಲ್ಲ. ಮರೆತಳೋ, ಬೈಗಳಿಲ್ಲ, ಮತ್ತೆ ಉಸುಕು. ವೀರಭದ್ರಯ್ಯನವರು ಬಾಗಿಲಲ್ಲಿ ನಿಂತು ಹಲ್ಲು ಕಿಸಿಯುವರು. “ಏನ್ ಕಾಳಪ್ಪ, ಮಣ್ಣಾಟ ನಡಸೀರೇನು? ಮುಂದ ಗೋಲಿ ಆಟನೂ ಕಲಸ್ರಿ!”

ಸಾಹೇಬರು ಬಂದರು. ಹೆಡ್‌ಮಾಸ್ತರರು ತಮ್ಮ ಮುತ್ತನ್ನು, ಅಂದರೆ ಗೌಡರ ಮಗನನ್ನು, ಮುಂದೆ ನಿಲ್ಲಿಸಿದರು. ಹುಡುಗ ಮೊಲದ ಪಾಠ ಗಡಗಡ ಒದರತೊಡಗಿದ. ಸಾಹೇಬರಿಗೆ ಏನನ್ನಿಸಿತೋ, ನಡುವೆಯೇ ಪುಟ ಮಗುಚಿದರು. ಹುಡುಗ ನಿಲ್ಲಬೇಕಲ್ಲ! ಬಾವಿಯ ಚಿತ್ರ ನೋಡುತ್ತಾ ಮೊಲವನ್ನೇ ಓಡಿಸಿದ.

“ಎಲ್ಲೈತಪ್ಪಾ ಇದರಾಗ ಮೊಲ?” ಅಂದರು ಸಾಹೇಬರು.

“ಬಾವ್ಯಾಗ ಬಿದ್ದಿರಬೇಕ್ರಿ,” ಅಂತ ಹಿಂದಿನಿಂದ ಯಾವನೋ ಅಂದ.

ಉಳಿದ ಜಾಣರ ಕತೆಯೂ ಅಷ್ಟೇ. ಬೆವರು ಒರೆಸಿಕೊಳ್ಳುತ್ತಿದ್ದ ಹೆಡ್‌ಮಾಸ್ತರರನ್ನು ದಾಟಿ ಕಾಳಪ್ಪ ಹಸನಬೀಯನ್ನು ಕರೆತಂದು ಅದೇ ಪುಟದ ಮುಂದೆ ನಿಲ್ಲಿಸಿದ. ಅವಳ ಬೊಟ್ಟು ಲಂಗದ ಮೇಲೆ ಬರೆಯುತ್ತಿತ್ತು, ಬಾಯಿ ಅದರ ಹಿಂದೆ ನಡೆಯುತ್ತಿತ್ತು. “ಬಾ… ವಿ… ಯ. ಬಾವಿಯ. ನೀ… ರು. ತಂ… ಪು.” ಎತ್ತು ಏರು ಹತ್ತಿದಂತೆ. ಮುಂದಿನ ಮಾತು ‘ಅಕ್ಕ’. ಅಲ್ಲಿ ನಿಂತುಬಿಟ್ಟಳು.

“ಇದರ ಕಾಲಾಗ ಇನ್ನೊಂದು ಕುಂತೈತ್ರಿ. ಇದನ್ನ ನಮ್ಮ ಸರ ಇನ್ನೂ ಕಲಿಸಿಲ್ರಿ.”

“ನೋಡ್ರಿ ಸಾಹೇಬ್ರ! ಈ ದಡ್ಡಿನ್ನ ತಗೀರಿ ಅಂತ ನಾ ಅವತ್ತ—”

“ಸುಮ್ನಿರ್ರಿ ನೀವು. ಇಕಿ ಒಬ್ಬಾಕಿ ಕಂಡದ್ದನ್ನ ಓದ್ಯಾಳ. ಇಕಿ ಹೆಸರೂ ಇರ್ಲಿ, ನಿಮ್ಮ ಸಾಲಿ ಪರವಾನಗಿನೂ ಇರ್ಲಿ.”

ಸಂಜೆಯೊಳಗೆ ವೀರಭದ್ರಯ್ಯನವರು ಚಾವಡಿಯಲ್ಲಿ ಕೂತು ಉಸುಕಿನ ಉಪಾಯ ತಮ್ಮದೇ ಅಂತ ಸಾರಿದ್ದೂ ಆಯಿತು. ರುಮಾಲಿಗೆ ನಾಚಿಕೆ ಎಲ್ಲಿಂದ ಬರಬೇಕು? ಕಾಳಪ್ಪ ಕೊನೆತನಕ ಒಂದನೇ ತರಗತಿಯ ಮಾಸ್ತರನಾಗೇ ಉಳಿದ. ಬೇರೆಯವರು ಕೈಬಿಟ್ಟ ‘ಕಲ್ಲು’ಗಳೆಲ್ಲ ಅವನ ಹತ್ತಿರವೇ ಬಂದವು. ಅವತ್ತು ಚಾವಡಿಯ ಮಾತು ಕೇಳಿ ಬಂದವರು, “ಹೋಗಿ ಕೇಳಬಾರದೇನ್ರಿ ಮಾಸ್ತರ?” ಅಂದರೆ, ಅವನಿಗೆ ಪುರುಸೊತ್ತಿರಲಿಲ್ಲ. ನಾಳೆ ಹಸನಬೀಗೆ ಒತ್ತಕ್ಷರ ಶುರು ಮಾಡಬೇಕಿತ್ತು.