ಸೊಂಟಕ್ಕೆ ಕಟ್ಟಿದ ಕೊಮ್ಮೆ ಬೇರು

ಚಳಿಗಾಲ ಮುಗಿಯುತ್ತಾ ಬಂದಿದೆ, ಸೂರ್ಯ ಹುಟ್ಟಲು ಇನ್ನೂ ಹೊತ್ತಿದೆ. ರೈಲು ಹಳಿಯ ಪಕ್ಕದ ಜಲ್ಲಿ ನೆಲದಲ್ಲಿ ಬೇರಿನಕ್ಕ ಕುಕ್ಕರುಗಾಲಲ್ಲಿ ಕೂತು ಕೊಮ್ಮೆ ಗಿಡ ಕೀಳುತ್ತಿದ್ದಾಳೆ. ಎಡಗೈಯಲ್ಲೇ ಕೀಳಬೇಕು, ಬೇರು ನೀರು ಮುಟ್ಟುವವರೆಗೆ ತುಟಿ ಬಿಚ್ಚಬಾರದು. ಮೈಯ ನೀರಿಳಿಸುವ ಗಿಡಗಳೆಲ್ಲ ಚಂದ್ರನ ಪಾಲಿನವು, ಮಾತಾಡಿದರೆ ಅವನು ಶಕ್ತಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ ಎಂದು ಅತ್ತೆ ಕಲಿಸಿದ್ದು. ಬೇರನ್ನು ಬಿಂದಿಗೆಯ ನೀರಿಗೆ ಇಳಿಸಿದ ಮೇಲೆ ಅವಳ ಮೊದಲ ಮಾತು: "ಅಬ್ಬಾ, ಸೊಂಟ ಹೋಯ್ತು."

ಮಾರುಕಟ್ಟೆಯ ಹಿಂದೆ, ಚಪ್ಪಲಿ ಹೊಲಿಯುವವನ ಪಕ್ಕ ಅವಳ ಅಂಗಡಿ. ಒಂದು ಹಲಗೆ, ಮೇಲೊಂದು ತಗಡು. ನೆಗ್ಗಿಲ ಮುಳ್ಳು, ಜೋಳದ ತೆನೆಯ ಕೂದಲು, ಕೊಮ್ಮೆ ಬೇರು, ಎಲ್ಲವೂ ಮೂತ್ರ ಸಲೀಸಾಗಿ ಹೋಗಲು. ಗಂಡ ತೀರಿಕೊಂಡ ಮೇಲೆ ಅವಳೂ ನಾದಿನಿಯೂ ಸೇರಿ ನಡೆಸಿದ ಅಂಗಡಿ. ಬರುವವರು ನೆಟ್ಟಗೆ ಬಾಯಿ ಬಿಡುವುದಿಲ್ಲ, "ಪಕ್ಕದ ಮನೆಯವ್ರಿಗೆ ಬೇಕಿತ್ತು" ಅನ್ನುತ್ತಾರೆ. "ಪಕ್ಕದ ಮನೆಯವ್ರಿಗೆ ಉರಿನಾ, ಕಟ್ಕೊಂಡಿದ್ಯಾ?" ಎಂದರೆ ನೆಲ ನೋಡುತ್ತಾರೆ.

ಇನ್ನು ಕೆಲವರಿಗೆ ಕಷಾಯ ಕುಡಿಯುವುದು ಬೇಡವಾಗಿತ್ತು. ಮಾಟ ಆಗಿದೆ, ಒಳಗಿನ ಕೆಟ್ಟದ್ದು ನೀರಿನ ಹಾಗೆ ಹರಿದುಹೋಗಲಿ ಎಂದು ಅದೇ ಬೇರನ್ನು ಕಪ್ಪು ದಾರದಲ್ಲಿ ಸೊಂಟಕ್ಕೆ ಕಟ್ಟಿಸಿಕೊಳ್ಳುತ್ತಿದ್ದರು. ಕಟ್ಟುತ್ತಿದ್ದವಳು ನಾದಿನಿ. ಅವಳಿಗೆ ಅದರಲ್ಲಿ ಪೂರ್ತಿ ನಂಬಿಕೆ.

"ನಂಗಿರ್ಲಿಲ್ಲ. ಆದ್ರೂ ಬೇಡ ಅನ್ಲಿಲ್ಲ. ಅಂಗಡಿ ಮುಂದೆ ಜನ ನಿಲ್ತಿದ್ದದ್ದೇ ಅದಕ್ಕೆ" ಎನ್ನುವಾಗ ಬೇರಿನಕ್ಕ ತಲೆ ಎತ್ತುವುದಿಲ್ಲ.

ಊದಿದ ಕಾಲಿನವರು ಬಂದರೆ ಅವಳು ಬೇರು ಕೊಡದೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತಾಳೆ. ಈ ಚಳಿಗಾಲದಲ್ಲಿ ದರ್ಜಿಯ ಹೆಂಡತಿ ಊದಿದ ಕಾಲಲ್ಲಿ ಬಂದಾಗ ಬೇರಿನಕ್ಕ ಅಂಗಡಿಯಲ್ಲಿರಲಿಲ್ಲ. ನಾದಿನಿ ಬೇರು ಕಟ್ಟಿ, "ಬಿಚ್ಬೇಡ, ಯಾರ ಹತ್ರನೂ ಬಾಯಿ ಬಿಡ್ಬೇಡ" ಎಂದಳು. ಆಕೆ ಗಂಡನಿಗೂ ಹೇಳಲಿಲ್ಲ. ಊತ ಮುಖಕ್ಕೇರಿ ಉಸಿರು ಸಿಕ್ಕಿಕೊಂಡ ಮೇಲೆ ಆಸ್ಪತ್ರೆಗೆ ಹೊತ್ತೊಯ್ದರು.

ಸುದ್ದಿ ತಿಳಿದು ಬೇರಿನಕ್ಕ ಓಡಿದಳು. ದಾರದ ವಿಷಯ ಗೊತ್ತಿಲ್ಲದ ದರ್ಜಿ ಬೈಯಲಿಲ್ಲ, ಕೂರಲು ಸ್ಟೂಲು ಸರಿಸಿಕೊಟ್ಟ. "ನಾಲ್ಕು ಮಾತು ಬೈದಿದ್ರೆ ಚೆನ್ನಾಗಿತ್ತು" ಅನ್ನುತ್ತಾಳೆ ಈಗ. ಗಂಡ ಆಚೆ ಹೋಗುವುದನ್ನೇ ಕಾದು ದರ್ಜಿಯ ಹೆಂಡತಿ ಸೆರಗು ಸರಿಸಿದಳು. ಊದಿದ ಸೊಂಟಕ್ಕೆ ದಾರ ಕಚ್ಚಿ ಗೆರೆ ಬಿದ್ದಿತ್ತು. ನರ್ಸಮ್ಮನಿಗೆ ಮುಟ್ಟಲೂ ಬಿಟ್ಟಿರಲಿಲ್ಲ.

"ಅಕ್ಕಾ, ಈಗ ಬಿಚ್ಬೋದಾ?"

"ಬಿಚ್ಚೇ ತಾಯಿ. ಅದ್ರಲ್ಲೇನೂ ಇಲ್ಲ."

"ಏನೂ ಇಲ್ವಾ? ಮತ್ಯಾಕೆ ಕೊಟ್ರಿ?"

ಬೇರಿನಕ್ಕ ನರ್ಸಮ್ಮನಿಂದ ಕತ್ತರಿ ಇಸಿದುಕೊಂಡು ತಾನೇ ಕತ್ತರಿಸಿದಳು.

ಮನೆಗೆ ಬಂದು, ಇನ್ನು ಕಟ್ಟುವುದು ಬೇಡ ಎಂದಾಗ ನಾದಿನಿ ಕೆರಳಿದಳು: "ನಮ್ಮಮ್ಮನ ವಿದ್ಯೆನ ಎಲ್ಲರ ಮುಂದೆ ಸುಳ್ಳು ಮಾಡಿ ಬಂದ್ಯಾ ಅತ್ತಿಗೆ? ಇಷ್ಟು ವರ್ಷ ಆ ದಾರ ಹೊಸೆದುಕೊಟ್ಟಿದ್ದು ಯಾರ ಕೈ?"

ಅತ್ತಿಗೆಯದೇ ಕೈ.

ದರ್ಜಿಯ ಹೆಂಡತಿ ಈಗ ಮನೆಗೆ ಬಂದಿದ್ದಾಳೆ, ಉಪ್ಪಿಲ್ಲದ ಊಟ. ಅಂಗಡಿಯಲ್ಲಿ ಈಗ ಕುದಿಸುವ ಬೇರು ಮಾತ್ರ, ಜನ ಕಡಿಮೆ. "ಆಯಮ್ಮ ಈ ದಾರೀಲಿ ಹೋಗುವಾಗ ನಾನು ಮುಖ ಎತ್ತಿ ಮಾತಾಡ್ಸೋ ಹಾಗಾದ್ರೆ ಸಾಕು" ಎನ್ನುವುದಷ್ಟೇ ಬೇರಿನಕ್ಕನ ಆಸೆ.

"ತಪ್ಪು ನಮ್ಮಿಬ್ರದೂ. ಎದ್ದು ಹೋದೋಳು ಮಾತ್ರ ಅವಳೊಬ್ಳೇ."

ನಾದಿನಿ ಬಟ್ಟೆಗಂಟು ಹೊತ್ತು, ನೆರೆಯವರ ಕಣ್ಣಿಗೆ ಬೀಳದಂತೆ ಹಿತ್ತಲ ಬಾಗಿಲಿನಿಂದ ಹೊರಟುಹೋದದ್ದು ಕಳೆದ ಗುರುವಾರ.