ಪರದೆಯ ಮೇಲಿನ ಸರದಿ

ನಮ್ಮ ಕಾಲೇಜು ಗ್ರಂಥಾಲಯದ ರೆಫರೆನ್ಸ್ ಮೇಜಿಗೆ ಒಂದೇ ನಿಯಮ: ಮೊದಲು ಬಂದವರಿಗೆ ಮೊದಲು ಉತ್ತರ. ಆ ಮೇಜಿನಲ್ಲಿ ಕೂರುವ ನನಗೆ ಅದನ್ನು ಕಲಿಸಿದವರು ಮುಖ್ಯ ಗ್ರಂಥಪಾಲಕರೇ. ಎರಡು ಸಾವಿರದ ಇಸವಿಯ ಈಚೆಗೆ ಆ ಮೇಜಿಗೆ ಕಂಪ್ಯೂಟರ್ ಬಂದಾಗ, ಬರಲಾಗದವರು ಮನೆಯಿಂದಲೇ ಪ್ರಶ್ನೆ ಕೇಳಲಿ ಎಂದು ನಾನು ಚಾಟ್ ತೆರೆದಿಟ್ಟೆ. ಗ್ರಂಥಪಾಲಕರಿಗೆ ಅದು ಹಿಡಿಸಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು, ಹಸಿ ಬಾಣಂತಿ, ಬೋಗಾದಿಯ ಮನೆಯಿಂದ ಮೈಸೂರಿನ ಕೆರೆಗಳ ಬಗ್ಗೆ ಚಾಟ್‌ನಲ್ಲಿ ಪುಸ್ತಕ ಕೇಳಿದ್ದಳು. ಅಷ್ಟರಲ್ಲಿ ಗ್ರಂಥಪಾಲಕರು ಬಂದು ನಿಂತರು.

“ಹರಟೆ ಸಾಕು ಕಣ್ರೀ. ಆ ಚಾಟ್ ಇವತ್ತೇ ತೆಗೆದ್ಬುಡಿ. ನಂಗೊಂದು ಹಳೇ ಗೆಜೆಟಿಯರ್ ಬೇಕು.”

“ಕೊಡ್ತೀನಿ ಸರ್. ನಿಮಗಿಂತ ಮೊದಲು ಒಬ್ರು ಬಂದಿದಾರೆ.”

“ಎಲ್ಲಿ? ಯಾರೂ ಕಾಣ್ತಿಲ್ವಲ್ಲ.”

ಪರದೆಯನ್ನು ಅವರತ್ತ ತಿರುಗಿಸಿದೆ. ‘ಮಗು ಮಲಗಿದೆ ಮೇಡಂ, ಏಳೋದ್ರೊಳಗೆ ಹೇಳಿ’ ಎಂದು ಅಲ್ಲಿತ್ತು.

“ಸರದಿ ಅವರದು ಸರ್, ಕೂತ್ಕೊಳಿ” ಎಂದು ಕಪಾಟಿನ ಕಡೆ ನಡೆದೆ. ಪುಸ್ತಕ ತಂದು, ಬೇಕಾದ ಪುಟ ತೆರೆದು, ಅಲ್ಲಿದ್ದುದನ್ನು ಅವಳಿಗೆ ಟೈಪ್ ಮಾಡಿದೆ. ಅವಳಿಗೆ ಸಾಕೆನಿಸಿದ ಮೇಲೆಯೇ ಗ್ರಂಥಪಾಲಕರ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ಕಾಯುತ್ತಿದ್ದರು. ಚಾಟ್ ತೆಗೆಯುವ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದ್ದರೂ ನಾನು ತೆಗೆಯುತ್ತಿರಲಿಲ್ಲ.