ಹಬ್ಬವಿಲ್ಲದ ದಿನದ ಹೋಳಿಗೆ

ಬೆಳಿಗ್ಗೆ ಒಂಬತ್ತೂ ಕಾಲಿಗೆ ಅಣ್ಣ ತಟ್ಟೆ ನೋಡಿ, "ಇವತ್ತು ಯಾವ ಹಬ್ಬ?" ಎಂದು ಕೇಳಿದ. ಅಲ್ಲಿಂದ ಎಲ್ಲ ಕೈತಪ್ಪಿತು.

ತಟ್ಟೆಯಲ್ಲಿದ್ದದ್ದು ಶೇಂಗಾ ಹೋಳಿಗೆ. ಹುಬ್ಬಳ್ಳಿಯಿಂದ ಬಂದು ಕುರುಬರಹಳ್ಳಿಯಲ್ಲಿ ನೆಲೆಸಿದ ನಮ್ಮ ಮನೆಯಲ್ಲಿ ಅದನ್ನು ಹಬ್ಬಕ್ಕೆ ಮಾತ್ರ ಮಾಡುತ್ತಿದ್ದರು. ಹತ್ತು ಗಂಟೆಗೆ ಆಸ್ಪತ್ರೆಯ ವ್ಯಾನು ಬರುವುದಿತ್ತು. ನೋವಿನ ಮಾತ್ರೆ ಪುಡಿ ಮಾಡಿ ಸೂಜಿಯಲ್ಲಿ ಏರಿಸಿಕೊಳ್ಳುವ ಅಣ್ಣನ ಚಟಕ್ಕೆ ಆಗಲೇ ಏಳು ವರ್ಷ. ಎರಡು ಸಲ ತಾನಾಗಿಯೇ ಚಿಕಿತ್ಸೆಗೆ ಸೇರಿ, ವಾರ ತುಂಬುವ ಮೊದಲೇ ಓಡಿಬಂದಿದ್ದ. ಈ ಸಲ ಅವನು ಒಪ್ಪದಿದ್ದರೂ ಸೇರಿಸಿಕೊಳ್ಳುತ್ತೇವೆ ಎಂದು ವೈದ್ಯರು ಹೇಳಿದ್ದರು. ಅಪ್ಪ ಸಹಿ ಹಾಕಿದ್ದರು. ಅವನಿಗೆ ಸುಳಿವು ಸಿಗಬಾರದು ಎಂದು ಅಪ್ಪ, ಅವ್ವ, ನಾನು ಮೂವರೂ ಮಾತಾಡಿಕೊಂಡಿದ್ದೆವು. ಆದರೆ ಅವ್ವ ನಸುಕಿನಲ್ಲೇ ಎದ್ದು ಶೇಂಗಾ ಹುರಿದಿದ್ದಳು. "ಮಗನ್ನ ಬರೀ ಹೊಟ್ಟೀಲೆ ಹ್ಯಾಂಗ ಕಳಸ್ಲಿ?" ಎಂದಿದ್ದಳು.

ಅಣ್ಣ ಅರ್ಧ ತಿಂದ ಹೋಳಿಗೆಯನ್ನು ತಟ್ಟೆಗಿಟ್ಟ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಕಳಿಸ್ತಾ ಇದೀರ ಅಲ್ವಾ?" ಎಂದ, ಬಹಳ ಮೆತ್ತಗೆ. ತಟ್ಟೆ ಎತ್ತಿಕೊಂಡು ಅವ್ವನಿದ್ದ ಅಡುಗೆಮನೆಗೆ ಹೋದ. ಒಳಗಿನಿಂದ ಚಿಲಕ ಬಿತ್ತು. ಆಮೇಲೆ ಬುಸ್ಸೆನ್ನುವ ಸದ್ದು, ಬಾಗಿಲ ಸಂದಿಯಲ್ಲಿ ಗ್ಯಾಸಿನ ವಾಸನೆ.

"ಯಾರೂ ಬರೋದು ಬೇಡ ಅಂತ ಆಸ್ಪತ್ರೆಗೆ ಫೋನ್ ಮಾಡೇ. ನನಗೆ ಕೇಳಿಸ್ಬೇಕು. ಲೈಟರ್ ಕೈಯಲ್ಲಿದೆ ಕಣೇ."

ನಾನು ಫೋನ್ ಹಿಡಿದು ಅಪ್ಪನ ಕಡೆ ತಿರುಗಿದೆ. ಕೆಳಗಿನ ಮನೆಯ ಆಂಟಿ ಮೆಟ್ಟಿಲಿಂದ ಕೂಗಿದರು: "ಗ್ಯಾಸ್ ವಾಸ್ನೆ ಬರ್ತಾ ಇದೆ, ನಿಮ್ದಾ ನೋಡ್ಕೊಳ್ಳಿ!"

"ನಮ್ದೇ ಅಮ್ಮ. ಸ್ವಿಚ್ ಮುಟ್ಟಬೇಡಿ, ರೋಡಿಗೆ ಹೋಗಿ ನಿಂತ್ಕೊಳ್ಳಿ," ಎಂದರು ಅಪ್ಪ, ಅಡುಗೆಮನೆಯ ಬಾಗಿಲಿಗೆ ಹಣೆ ಒತ್ತಿಕೊಂಡು.

ಆಗ ಒಳಗಿಂದ ಅವ್ವನ ದನಿ ಕೇಳಿತು. ದಿನಾ ಬಡಿಸುವಾಗಿನ ದನಿಯೇ. "ಹಚ್ಚಾಂವ ಇದ್ರ ಹಚ್ಚು. ನಾನೂ ಇಲ್ಲೇ ಅದೀನಿ. ಆದ್ರ ಅರ್ಧಕ್ಕ ಬಿಟ್ಟಿದ್ದು ತಿಂದು ಹಚ್ಚು."

ಬುಸ್ಸೆನ್ನುವ ಸದ್ದು ನಿಂತಿತು. ಯಾರು ನಿಲ್ಲಿಸಿದರೆಂದು ಅವ್ವ ಇವತ್ತಿಗೂ ಹೇಳಿಲ್ಲ. ಚಿಲಕ ತೆಗೆದಾಗ ಅಣ್ಣನ ಬಾಯಲ್ಲಿ ಹೋಳಿಗೆ ಇತ್ತು, ಅವ್ವನ ಮುಷ್ಟಿಯಲ್ಲಿ ಲೈಟರ್. ವ್ಯಾನಿನವರ ಜೊತೆ ಇಳಿಯುವಾಗ ಅವನು ತಿರುಗಿ, "ಬಂದೇ ಬರ್ತೀನಿ, ಹಚ್ಚೇ ಹಚ್ತೀನಿ" ಎಂದ.

ಅವನಿಲ್ಲದ ಮನೆಯಲ್ಲಿ ನಮಗೆ ನಿದ್ದೆ ಹತ್ತಲಿಲ್ಲ. ಅವ್ವ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದಳು. ಗೇಟು ಕಿರ್ರೆಂದರೆ ಮೂವರೂ ಎದ್ದು ಕೂರುತ್ತಿದ್ದೆವು. ಕುಕ್ಕರ್ ಬುಸ್ಸೆಂದರೆ ಈಗಲೂ ನಾನು ಮೊದಲು ಅಡುಗೆಮನೆಯ ಚಿಲಕ ನೋಡುತ್ತೇನೆ.

ಭೇಟಿಗೆ ಬಿಟ್ಟ ಮೊದಲ ಭಾನುವಾರ, ಅವನು ಅತ್ತರೆ ಅಪ್ಪ ಕರಗಿ ಮನೆಗೆ ಕರೆತಂದುಬಿಡುತ್ತಾರೆ ಎಂದು ಹೆದರಿದ್ದೆ. ಅವನು ಅಳಲಿಲ್ಲ. ಅವ್ವನನ್ನು ಕೇಳಿದ: "ರಾತ್ರಿ ರೆಗ್ಯುಲೇಟರ್ ತೆಗೆದಿಟ್ಟು ಮಲಗ್ತಿದೀಯ ತಾನೆ?"

"ಇಲ್ಲಪಾ."

"ಸುಳ್ಳು ಹೇಳ್ಬೇಡ. ಹಾಗೇ ತೆಗೆದಿಡ್ತಾ ಇರು. ನಾನೇ ಕಾಲಿಗೆ ಬಿದ್ರೂ ಈಗ್ಲೇ ಕರ್ಕೊಂಡು ಹೋಗ್ಬೇಡಿ. ಬಂದ್ರೆ ಹಚ್ಚೇ ಹಚ್ತೀನಿ."

ಆ ರಾತ್ರಿ ಗೇಟು ಸದ್ದಾಯಿತೋ ಇಲ್ಲವೋ ಗೊತ್ತಿಲ್ಲ. ಹಾಲಿನವನು ಬಾಗಿಲು ಬಡಿದಾಗಲೇ ನಮಗೆ ಎಚ್ಚರವಾದದ್ದು. ದಿಂಬು ಜಾರಿ, ಅವ್ವನ ಕೆನ್ನೆಯ ಮೇಲೆ ರೆಗ್ಯುಲೇಟರಿನ ದುಂಡು ಗುರುತು ಮೂಡಿತ್ತು.